ವೇಗಕ್ಕೊಂದು ಕಡಿವಾಣ

ಮದಲೂರಿನಿಂದ ಶಿರಾ ಪೇಟೆಗೆ ಹೋದ ಮಗನು ಹೊತ್ತಿಗೆ ಬಾರದಿದ್ದರೆ ತಾಯಿಯ ಕಣ್ಣು ಬಾಗಿಲಲ್ಲಿಯೇ ನೆಟ್ಟಿರುವುದು. 2022ನೆಯ ಮಾರ್ಚಿ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿಯ ಬಳಿ ಕಿಕ್ಕಿರಿದ ಬಸ್ಸು ಮಗುಚಿತು. ಆಗಸ್ಟ್ 25ರಂದು ಕಳ್ಳಂಬೆಳ್ಳದ ಸಮೀಪ ಕೂಲಿಯನ್ನರಸಿ ಹೊರಟಿದ್ದವರಲ್ಲಿ 9 ಮಂದಿ ಹೆದ್ದಾರಿಯಲ್ಲಿ ಮಡಿದರು.

2015ರ ನಿಯಮದಂತೆ ಬಸ್ಸು ಲಾರಿಗಳಿಗೆ ಗಂಟೆಗೆ 80, ಶಾಲಾವಾಹನ ಟ್ಯಾಂಕರುಗಳಿಗೆ 60 ಕಿಲೋಮೀಟರಿನ ವೇಗನಿಯಂತ್ರಕವು ವಿಧಿಸಲ್ಪಟ್ಟಿತು. ಇದಕ್ಕೆ ಚಾಲಕರಲ್ಲಿ ಆಕ್ಷೇಪವುಂಟು: ಮುಂದಿನ ಬಂಡಿಯನ್ನು ದಾಟುವಾಗ ಬಲವು ಸಾಲದು, ಸ್ವಂತ ಕಾರಿನವನಿಗಿಲ್ಲದ ಕಟ್ಟು ನಮಗೇಕೆ? ಮತ್ತೆ ಕೆಲವರೆನ್ನುವರು: 'ತಡವಾಯಿತೆಂದು ಧಣಿ ಗದರಿದರೆ, ಯಂತ್ರವೇ ಬಿಡದೆಂದು ಹೇಳಬಹುದಲ್ಲ!'

ಎರಡೂ ಮಾತುಗಳಲ್ಲಿ ಹುರುಳಿದೆ. ಆದರೆ ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಬಂಡಿಯು ನಿಲ್ಲಲು ನಾಲ್ಮಡಿ ದೂರ ಬೇಕೆಂಬುದು ವಾದಕ್ಕೆ ಬಗ್ಗದ ಲೆಕ್ಕ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಹೊಸ ಕಾರುಗಳೆಲ್ಲಕ್ಕೂ ವೇಗಮಿತಿಯನ್ನು ನೆನಪಿಸುವ ಸಾಧನವು ಕಡ್ಡಾಯ. ಅಲ್ಲಿಯೂ ಕೊನೆಯ ಹಿಡಿತ ಚಾಲಕನದೇ.

ಆದುದರಿಂದ ಯಂತ್ರದ ಕಡಿವಾಣದೊಡನೆ ಧಣಿಯ ಆತುರಕ್ಕೂ ಕಡಿವಾಣ ಬೇಕೆಂದು ನಾವು ಭಾವಿಸುತ್ತೇವೆ. ಮನೆಯವರಾದ ನಾವೂ 'ಬೇಗ ಬಾ' ಎನ್ನುವ ಬದಲು 'ನಿಧಾನವಾಗಿ ಬಾ, ಕಾದಿರುತ್ತೇವೆ' ಎಂದು ಹೇಳಿ ಕಳುಹಿಸೋಣ.