ನಿಯಮಪುಸ್ತಕ ಹೇಳದ ಮಾತುಗಳು

ಯಾವುದೇ ವ್ಯವಸ್ಥೆಯ ನಿಯಮಪುಸ್ತಕವನ್ನು ಓದಿದರೆ ಅದು ಹೇಗೆ ನಡೆಯಬೇಕು ಎಂಬುದು ತಿಳಿಯುತ್ತದೆ. ಅದರೊಳಗಿನವರ ಆಡುಮಾತನ್ನು ಕೇಳಿದರೆ ಅದು ನಿಜವಾಗಿ ಹೇಗೆ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಕಳೆದ ನನಗೆ ಇದು ಅನುಭವದ ಮಾತು. ಮೇಲಧಿಕಾರಿ ಕಡತದ ಮೇಲೆ ‘ಚರ್ಚಿಸಿ’ ಎಂದು ಬರೆದರೆ, ಅನೇಕ ವೇಳೆ ಅದರ ಅರ್ಥ ‘ಸದ್ಯಕ್ಕೆ ಬೇಡ’ ಎಂಬುದನ್ನು ಯಾವ ಕೈಪಿಡಿಯೂ ಕಲಿಸುವುದಿಲ್ಲ. ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಬಗ್ಗೆ ನಿವೃತ್ತಿಯ ನಂತರ ನನಗೆ ಕುತೂಹಲ ಹುಟ್ಟಿದ್ದೂ ಇದೇ ಕಾರಣಕ್ಕೆ. ನನ್ನನ್ನು ಸೆಳೆದದ್ದು ಕಾರುಗಳ ವೇಗವಲ್ಲ, ಆ ಜನರ ಮಾತು.

ಮೊದಲಿಗೆ ‘ಸ್ಟಾಕ್’ ಎಂಬ ಪದವನ್ನೇ ನೋಡೋಣ. ಇದು ಷೇರುಪೇಟೆಯ ಸ್ಟಾಕ್ ಅಲ್ಲ; ಮಾರಾಟಗಾರನ ಮಳಿಗೆಯಲ್ಲಿ ದಾಸ್ತಾನಿರುವ, ಯಾರು ಬೇಕಾದರೂ ಕೊಳ್ಳಬಹುದಾದ ಕಾರು ಎಂದರ್ಥ. ಬಿಲ್ ಫ್ರಾನ್ಸ್ 1948ರಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ಕಟ್ಟಿದ ನ್ಯಾಸ್ಕಾರ್ ಸಂಸ್ಥೆ, 1949ರ ಜೂನ್‌ನಲ್ಲಿ ಷಾರ್ಲೆಟ್ ನಗರದಲ್ಲಿ ಇಂತಹ ಕಾರುಗಳದ್ದೇ ಸ್ಪರ್ಧಾಸರಣಿಯನ್ನು ಆರಂಭಿಸಿತು. ಮೊದಲ ಓಟದಲ್ಲೇ ಮೊದಲಿಗನಾಗಿ ಬಂದ ಗ್ಲೆನ್ ಡನವೇ ಅನರ್ಹಗೊಂಡ. ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ಮಾರ್ಪಡಿಸಲಾಗಿತ್ತು. ಕಳ್ಳಭಟ್ಟಿ ಸಾಗಿಸುವವರು ಹೊರೆಯ ಭಾರಕ್ಕೆ ಕಾರು ಜಗ್ಗದಂತೆ ಮಾಡಿಕೊಳ್ಳುತ್ತಿದ್ದ ಏರ್ಪಾಡು ಅದು. ಜಿಮ್ ರೋಪರ್ ವಿಜೇತನೆಂದು ಘೋಷಿತನಾದ. ಕಾರಿನ ಮಾಲೀಕ ನ್ಯಾಯಾಲಯಕ್ಕೆ ಹೋಗಿ ಸೋತ. ಇಂದು ಮಳಿಗೆಯ ಕಾರಿಗೂ ಪಥದ ಕಾರಿಗೂ ಹೊರನೋಟದ ಹೋಲಿಕೆಯಷ್ಟೇ ಉಳಿದಿದೆ. 2022ರಿಂದ ಬಳಕೆಯಲ್ಲಿರುವ ಕಾರಿನ ಬಹುತೇಕ ಬಿಡಿಭಾಗಗಳನ್ನು ಸಂಸ್ಥೆ ಗೊತ್ತುಮಾಡಿದ ತಯಾರಕರಿಂದಲೇ ಕೊಳ್ಳಬೇಕು. ಅರ್ಥ ಕಳೆದುಹೋದರೂ ಹೆಸರು ಮಾತ್ರ ಉಳಿದಿದೆ.

ತಾಂತ್ರಿಕ ಪದಗಳಲ್ಲಿ ‘ಲೂಸ್’ ಮತ್ತು ‘ಟೈಟ್’ ಎಂಬ ಜೋಡಿ ಮುಖ್ಯವಾದುದು. ತಿರುವಿನಲ್ಲಿ ಕಾರಿನ ಹಿಂಭಾಗ ಹಿಡಿತ ತಪ್ಪಿ ಹೊರಕ್ಕೆ ಜಾರಿದರೆ ಲೂಸ್; ಚಕ್ರ ತಿರುಗಿಸಿದರೂ ಮುಂಭಾಗ ತಿರುಗದೆ ಗೋಡೆಯ ಕಡೆಗೆ ನುಗ್ಗಿದರೆ ಟೈಟ್. ಚಾಲಕ ರೇಡಿಯೋದಲ್ಲಿ ಈ ಒಂದು ಪದ ಹೇಳಿದರೆ ಸಾಕು, ಮುಂದಿನ ನಿಲುಗಡೆಯಲ್ಲಿ ಸಿಬ್ಬಂದಿ ಟೈರಿನ ಗಾಳಿಯ ಒತ್ತಡವನ್ನೋ ಸ್ಪ್ರಿಂಗಿನ ಬಿಗಿಯನ್ನೋ ಬದಲಿಸುತ್ತಾರೆ. ಟೈರುಗಳಿಂದ ಉದುರಿ ಪಥದ ಅಂಚಿನಲ್ಲಿ ಗುಡ್ಡೆಯಾಗುವ ರಬ್ಬರ್ ತುಣುಕುಗಳಿಗೆ ‘ಮಾರ್ಬಲ್ಸ್’, ಅಂದರೆ ಗೋಲಿಗಳು, ಎನ್ನುತ್ತಾರೆ. ಅವುಗಳ ಮೇಲೆ ಹೋದ ಕಾರು ಗೋಲಿ ತುಳಿದವನಂತೆಯೇ ಜಾರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಹೆಚ್ಚು ರುಚಿಸಿದ್ದು ‘ಡ್ರಾಫ್ಟಿಂಗ್’. ಮುಂದಿನ ಕಾರು ಗಾಳಿಯನ್ನು ಸೀಳಿದಾಗ ಅದರ ಬೆನ್ನಿಗಂಟಿದ ಕಾರಿಗೆ ಗಾಳಿಯ ತಡೆ ಕಡಿಮೆಯಾಗುತ್ತದೆ. ಹಿಂದಿನ ಕಾರಿನಿಂದ ಮುಂದಿನದಕ್ಕೂ ಲಾಭವಿದೆ. ಒಂಟಿಯಾಗಿ ಓಡುವುದಕ್ಕಿಂತ ಜೋಡಿಯಾಗಿ ಓಡಿದರೆ ಎರಡಕ್ಕೂ ವೇಗ ಹೆಚ್ಚು. ಕಳ್ಳಭಟ್ಟಿ ಸಾಗಣೆಯಲ್ಲೇ ಚಾಲನೆ ಕಲಿತಿದ್ದ ಜೂನಿಯರ್ ಜಾನ್ಸನ್ ಈ ಉಪಾಯದಿಂದ 1960ರ ಡೇಟೋನಾ 500 ಗೆದ್ದ. ಇಲ್ಲಿ ಗೆಲ್ಲಬೇಕಾದರೆ ಪ್ರತಿಸ್ಪರ್ಧಿಯ ಸಹಕಾರ ಬೇಕು. ಕೊನೆಯ ಸುತ್ತಿನಲ್ಲಿ ಅದೇ ಸಹಕಾರವನ್ನು ಮುರಿಯಲೂ ಬೇಕು. ಜೊತೆ ಸಿಗದೆ ಸಾಲಿನಿಂದ ಹೊರಬಿದ್ದು ಹಿಂದುಳಿಯುವ ಚಾಲಕನನ್ನು ಅವರು ‘ಒಣಗಲು ನೇತುಹಾಕಲಾಗಿದೆ’ ಎಂಬ ಅರ್ಥದ ಮಾತಿನಿಂದ ವರ್ಣಿಸುತ್ತಾರೆ.

‘ಸ್ಟಾರ್ಟ್ ಅಂಡ್ ಪಾರ್ಕ್’ ಇನ್ನೂ ಮಾರ್ಮಿಕವಾದುದು. ಕೊನೆಯ ಸ್ಥಾನಕ್ಕೂ ಬಹುಮಾನದ ಹಣವಿದ್ದ ಕಾಲದಲ್ಲಿ ಕೆಲವು ಬಡ ತಂಡಗಳು ಓಟ ಆರಂಭಿಸಿ, ಕೆಲವೇ ಸುತ್ತು ಓಡಿ, ಕಾರು ನಿಲ್ಲಿಸಿಬಿಡುತ್ತಿದ್ದವು. ಟೈರುಗಳ ಖರ್ಚಿಲ್ಲ, ಅಪಘಾತದ ಭಯವಿಲ್ಲ. ಅಧಿಕೃತ ಫಲಿತಾಂಶದ ಪಟ್ಟಿಯಲ್ಲಿ ಕಾರಣ ‘ಬ್ರೇಕ್’ ಅಥವಾ ‘ಕಂಪನ’ ಎಂದಿರುತ್ತಿತ್ತು. ನಿಜವಾದ ಕಾರಣವನ್ನು ಆಡುಮಾತು ಹೇಳುತ್ತಿತ್ತು. 2008ರ ಆರ್ಥಿಕ ಕುಸಿತದ ನಂತರ ಇದು ಎದ್ದು ಕಂಡಿತು. 2016ರಲ್ಲಿ ಮೂವತ್ತಾರು ಕಾರುಗಳಿಗೆ ಖಾತರಿಯ ಪ್ರವೇಶ ಕೊಟ್ಟು, ಸ್ಪರ್ಧಿಗಳ ಗರಿಷ್ಠ ಸಂಖ್ಯೆಯನ್ನು 43ರಿಂದ 40ಕ್ಕೆ ಇಳಿಸಿ, ಹಣದ ಹಂಚಿಕೆಯನ್ನೂ ಬದಲಿಸಿದ ಮೇಲೆ ಆ ಪದ ಅಪರೂಪವಾಯಿತು. ಪ್ರೋತ್ಸಾಹಧನದ ಲೆಕ್ಕ ತಪ್ಪಿದಲ್ಲಿ ಜನರನ್ನು ದೂಷಿಸಿ ಪ್ರಯೋಜನವಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ.

ಇನ್ನೊಂದು ಪದ ‘ಲಕ್ಕಿ ಡಾಗ್’. ಹಿಂದೆ ಅಪಘಾತವಾಗಿ ಹಳದಿ ಬಾವುಟ ಬಂದರೂ ಚಾಲಕರು ಆ ಸುತ್ತು ಮುಗಿಯುವ ಗೆರೆಯವರೆಗೆ ಪೈಪೋಟಿಯಲ್ಲೇ ಧಾವಿಸುತ್ತಿದ್ದರು. 2003ರ ಸೆಪ್ಟೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ಪಥದ ನಡುವೆ ಡೇಲ್ ಜ್ಯಾರೆಟ್‌ನ ಕಾರು ನಿಂತುಹೋಗಿದ್ದಾಗ, ಉಳಿದವರು ಹೀಗೆ ಅದರ ಪಕ್ಕದಲ್ಲೇ ನುಗ್ಗಿ ಬಂದರು. ಮುಂದಿನ ಓಟದಿಂದಲೇ ಆ ರೂಢಿ ನಿಂತಿತು. ಬಾವುಟ ಬಂದ ಕ್ಷಣದಲ್ಲೇ ಸ್ಥಾನಗಳು ನಿಶ್ಚಯವಾಗತೊಡಗಿದವು. ಸುತ್ತು ಹಿಂದುಳಿದವರಲ್ಲಿ ಮೊದಲಿಗನಿಗೆ ಕಳೆದುಕೊಂಡ ಒಂದು ಸುತ್ತನ್ನು ಮರಳಿ ಕೊಡಲಾಯಿತು. ನಿಯಮದ ಭಾಷೆಯಲ್ಲಿ ಅವನು ‘ಫಲಾನುಭವಿ’. ನಮ್ಮ ಸರ್ಕಾರಿ ಆದೇಶಗಳನ್ನು ಓದಿದವರಿಗೆ ಚಿರಪರಿಚಿತ ಪದವೇ! ಜನರ ಬಾಯಲ್ಲಿ ಮಾತ್ರ ಅವನು ಅದೃಷ್ಟದ ನಾಯಿ. ಅದು ಬೈಗುಳವಲ್ಲ, ಗಳಿಸದೇ ಸಿಕ್ಕಿದ್ದಕ್ಕೆ ಇಟ್ಟ ಪ್ರಾಮಾಣಿಕ ಹೆಸರು.

ಆದರೆ ಆಡುಮಾತು ಯಾವಾಗಲೂ ವಿವೇಕದ ಪಕ್ಷದಲ್ಲೇ ಇರುತ್ತದೆಂದು ಭಾವಿಸಬೇಕಾಗಿಲ್ಲ. 1987ರಲ್ಲಿ ಟ್ಯಾಲಡೇಗಾದಲ್ಲಿ ಬಾಬಿ ಅಲಿಸನ್‌ನ ಕಾರು ಹಾರಿ ಬೇಲಿಗೆ ಬಡಿದು ಪ್ರೇಕ್ಷಕರು ಗಾಯಗೊಂಡರು. 1988ರಿಂದ ಅಲ್ಲಿಯೂ ಡೇಟೋನಾದಲ್ಲಿಯೂ ಎಂಜಿನ್‌ಗೆ ಹೋಗುವ ಗಾಳಿಯನ್ನು ತಗ್ಗಿಸುವ ಫಲಕ ಕಡ್ಡಾಯವಾಯಿತು. ವೇಗ ಇಳಿಯಿತು; ಆದರೆ ಎಲ್ಲ ಕಾರುಗಳ ವೇಗವೂ ಒಂದೇ ಆಗಿ ಅವು ಗುಂಪುಗೂಡಿ ಓಡತೊಡಗಿದವು. ಒಬ್ಬ ತಪ್ಪಿದರೆ ಹತ್ತಾರು ಕಾರುಗಳು ನುಚ್ಚುನೂರು. ಇದಕ್ಕೆ ‘ಬಿಗ್ ಒನ್’ ಎಂಬ ಹೆಸರು ಬಂತು. ಹೆಸರು ಬಂದ ಮೇಲೆ ಅಪಘಾತವೂ ಕಾರ್ಯಕ್ರಮದ ಒಂದು ಭಾಗವೆಂಬಂತೆ ಜನ ಅದಕ್ಕಾಗಿ ಕಾದು ಕುಳಿತರು.

ಇದಕ್ಕಿಂತ ದಾರುಣವಾದುದು ಇನ್ನೊಂದು. ಡಿಕ್ಕಿಯಾದಾಗ ತಲೆ ಮುಂದಕ್ಕೆ ಚಿಮ್ಮದಂತೆ ಕುತ್ತಿಗೆಯನ್ನು ಕಾಯುವ ‘ಹ್ಯಾನ್ಸ್’ ಎಂಬ ಸಾಧನ ಆ ವೇಳೆಗಾಗಲೇ ಲಭ್ಯವಿತ್ತು. ಏಳು ಬಾರಿಯ ಚಾಂಪಿಯನ್ ಡೇಲ್ ಅರ್ನ್‌ಹಾರ್ಟ್ ಅದನ್ನು ನೇಣಿನ ಕುಣಿಕೆ ಎಂದು ಹೀಗಳೆದಿದ್ದರೆಂದು ವರದಿಯಾಗಿದೆ. 2000ದಲ್ಲಿ ಆಡಂ ಪೆಟ್ಟಿ, ಕೆನ್ನಿ ಅರ್ವಿನ್, ಟೋನಿ ರೋಪರ್ ಎಂಬ ಮೂವರು ಚಾಲಕರು ಸತ್ತರೂ ಆ ಸಾಧನ ಕಡ್ಡಾಯವಾಗಲಿಲ್ಲ. 2001ರ ಫೆಬ್ರವರಿ 18ರಂದು ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಗೋಡೆಗೆ ಅಪ್ಪಳಿಸಿ ತಲೆಬುರುಡೆಯ ಬುಡ ಮುರಿದು ಅರ್ನ್‌ಹಾರ್ಟ್ ಮೃತಪಟ್ಟರು. ಅದೇ ಅಕ್ಟೋಬರ್‌ನಲ್ಲಿ ತಲೆ ಮತ್ತು ಕುತ್ತಿಗೆಯ ರಕ್ಷಣಾ ಸಾಧನ ಕಡ್ಡಾಯವಾಯಿತು. ಮರುವರ್ಷದಿಂದ ಪಥದ ಗೋಡೆಗಳಿಗೆ ಆಘಾತ ಹೀರುವ ಹೊದಿಕೆ ಬರತೊಡಗಿತು. ಅರ್ನ್‌ಹಾರ್ಟ್ ನಂತರ ಕಪ್ ಸರಣಿಯ ಓಟಗಳಲ್ಲಿ ಯಾವ ಚಾಲಕನೂ ಸತ್ತಿಲ್ಲ.

ನಿಯಮ ರೂಪಿಸುವವರು ಆಡುಮಾತಿಗೆ ಕಿವಿಗೊಡಬೇಕಾದದ್ದು ಇದಕ್ಕಾಗಿ. ಅದರಲ್ಲಿ ಹಾಸ್ಯವಿರುತ್ತದೆ, ಜಾಣತನವಿರುತ್ತದೆ. ಎಲ್ಲಿ ಹಣ ಸೋರುತ್ತಿದೆ, ಎಲ್ಲಿ ನಿಯಮ ಬಾಗುತ್ತಿದೆ ಎಂಬ ಸುಳಿವೂ ಇರುತ್ತದೆ. ಜೀವ ಕಾಯುವ ವಸ್ತುವಿಗೆ ಅದನ್ನು ಧರಿಸಬೇಕಾದವರೇ ಕುಣಿಕೆಯ ಹೆಸರಿಟ್ಟಾಗ, ಆ ಸುಳಿವನ್ನು ನಕ್ಕು ಬಿಟ್ಟುಬಿಡುವಂತಿಲ್ಲ. ಹೆಲ್ಮೆಟ್ಟನ್ನು ತಲೆಗೆ ಭಾರವೆಂದು ಹೀಗಳೆದು ಕೈಗೆ ನೇತುಹಾಕಿಕೊಂಡು ಹೋಗುವವರನ್ನು ನಿತ್ಯ ಕಾಣುವ ನಮ್ಮ ನಗರಕ್ಕೂ ಈ ಮಾತು ಸಲ್ಲುತ್ತದೆ.