ಗಿರಣಿ ಊರಿನ ಕಾಲುದಾರಿಗಳು

ಇಂಗ್ಲೆಂಡಿನ ಡರ್ಬಿಷೈರ್ ಸೀಮೆಯಲ್ಲಿ ನ್ಯೂ ಮಿಲ್ಸ್ ಎಂಬ ಒಂದು ಸಣ್ಣ ಊರಿದೆ. ಹತ್ತಿಬಟ್ಟೆಗೆ ಒಂದು ಕಾಲಕ್ಕೆ ಜಗತ್ತಿನಲ್ಲೆಲ್ಲ ಹೆಸರಾಗಿದ್ದ ಮ್ಯಾಂಚೆಸ್ಟರ್ ನಗರಕ್ಕೆ ಸಮೀಪದಲ್ಲಿ, ಬೆಟ್ಟದ ಸೀಮೆ ಆರಂಭವಾಗುವಲ್ಲಿ ಈ ಊರು ಇದೆ. ಹೆಸರಿನ ಅರ್ಥ ಹೊಸ ಗಿರಣಿಗಳು ಎಂದು. ಆದರೆ ಆ ಹೆಸರು ಬಂದದ್ದು ಬಟ್ಟೆಯ ಗಿರಣಿಯಿಂದಲ್ಲ, ಅದಕ್ಕೂ ಬಹಳ ಹಿಂದೆ ಅಲ್ಲಿದ್ದ ಹಿಟ್ಟಿನ ಗಿರಣಿಯಿಂದ. ನಮ್ಮಲ್ಲಿಯೂ ಎರಡಕ್ಕೂ ಗಿರಣಿ ಎಂಬ ಒಂದೇ ಮಾತು ಇರುವುದರಿಂದ ವಾಚಕರಿಗೆ ಇದು ವಿಚಿತ್ರವೆನಿಸಲಾರದು.

ಆ ಊರಿನ ಬಟ್ಟೆಯ ಗಿರಣಿಗಳು ನಿಂತುಹೋಗಿವೆ. ಕಾಲುದಾರಿಗಳೂ ಸೈಕಲ್ ದಾರಿಯೂ ಮಾತ್ರ ಉಳಿದಿವೆ. ಅವನ್ನು ಕಟ್ಟಿಸುವುದಕ್ಕೆ ಸರಕಾರದ ಹಣವೂ ಬಂದಿತು, ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ ಮೊದಲು ಕೈಹಾಕಿದವರು, ಇಂದಿಗೂ ಬಿಡದೆ ನೋಡಿಕೊಳ್ಳುತ್ತಿರುವವರು, ಸಂಬಳವಿಲ್ಲದೆ ರಜೆಯ ದಿನ ದುಡಿಯುವ ಸ್ವಯಂಸೇವಕರು. ಆ ಕೆಲಸ ನಡೆದ ರೀತಿಯನ್ನು ನಮ್ಮ ವಾಚಕರಿಗೆ ತಿಳಿಸಬೇಕೆಂದು ಈ ಲೇಖನ.

ಮೊದಲು ಊರಿನ ರೂಪವನ್ನು ಹೇಳಬೇಕು. ಗಾಯ್ಟ್ ಮತ್ತು ಸೆಟ್ ಎಂಬ ಎರಡು ಹೊಳೆಗಳು ಇಲ್ಲಿ ಕೂಡುತ್ತವೆ. ಅವು ಮರಳುಗಲ್ಲನ್ನು ಕೊರೆದು ಆಳವಾದ ಒಂದು ಕಮರಿಯನ್ನು ಮಾಡಿವೆ. ಅದಕ್ಕೆ ಟಾರ್ಸ್ ಎಂದು ಹೆಸರು. ಊರು ಮೇಲೆ, ಹೊಳೆ ಕೆಳಗೆ, ನಡುವೆ ಕಡಿದಾದ ಬಂಡೆ. ಘಟಪ್ರಭೆಯ ಪಕ್ಕದಲ್ಲಿ ನಿಂತಿರುವ ಗೋಕಾಕ ಫಾಲ್ಸಿನ ಗಿರಣಿಯನ್ನು ನೋಡಿದವರಿಗೆ ನೀರಿನ ಬಲಕ್ಕಾಗಿ ಗಿರಣಿಯನ್ನು ಇಂಥ ಕಡೆ ಏಕೆ ಕಟ್ಟುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಾರ್ಸ್ ಕಮರಿಯಲ್ಲಿ ನೀರಿನ ಚಕ್ರದಿಂದ ನಡೆಯುವ ನೂಲಿನ ಗಿರಣಿಗಳು ಎದ್ದವು. ನೀರಿನ ಬಲವಲ್ಲದೆ ಅಲ್ಲಿಯ ತೇವದ ಹವೆಯೂ ಒಂದು ಅನುಕೂಲ. ಒಣ ಹವೆಯಲ್ಲಿ ನೂಲು ಎಷ್ಟು ಕಡಿಯುತ್ತದೆಂಬುದು ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದವರಿಗೆಲ್ಲ ಗೊತ್ತು.

ಗಿರಣಿ ಎಂದರೆ ಕೆಲಸಗಾರರು, ಕೆಲಸಗಾರರು ಎಂದರೆ ಕಾಲುನಡಿಗೆ. ಬೆಳಗಿನ ಕತ್ತಲೆಯಲ್ಲಿ ಮೇಲಿನ ಊರಿನಿಂದಲೂ ಸುತ್ತಿನ ಹಳ್ಳಿಗಳಿಂದಲೂ ಹೊಲಗಳ ಅಂಚಿನಲ್ಲಿ ಅವರು ಇಳಿದು ಬರುತ್ತಿದ್ದರು. ಹೀಗೆ ತುಳಿದು ತುಳಿದು ಆದ ದಾರಿಗಳೇ ಈಗಿನ ಕಾಲುದಾರಿಗಳಲ್ಲಿ ಅನೇಕ. ಆದರೆ ದಾರಿ ಹಾಯ್ದುಹೋಗುವ ನೆಲ ಒಬ್ಬ ಜಮೀನುದಾರನದು. ಅವನು ಬೇಲಿ ಹಾಕಿದರೆ ಕೆಲಸಗಾರ ಏನು ಮಾಡಬೇಕು? 1815ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಯಿದೆ ಬಂದಿತು. ಅದರಂತೆ ಇಬ್ಬರು ಮ್ಯಾಜಿಸ್ಟ್ರೇಟರು ಕೂಡಿ ರುಜು ಹಾಕಿದರೆ ಒಂದು ದಾರಿಯನ್ನು ಅನವಶ್ಯಕವೆಂದು ಮುಚ್ಚಿಬಿಡಬಹುದಾಗಿತ್ತು. ಆ ಕಾಲದ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಜಮೀನುದಾರರ ಸ್ನೇಹಿತರೋ ಸ್ವತಃ ಜಮೀನುದಾರರೋ ಆಗಿರುತ್ತಿದ್ದರು. ಮುಂದಿನದನ್ನು ವಾಚಕರೇ ಊಹಿಸಬಹುದು. ಇದನ್ನು ಎದುರಿಸುವುದಕ್ಕೆಂದು 1826ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಳೆಯ ಕಾಲುದಾರಿಗಳ ರಕ್ಷಣೆಯ ಒಂದು ಸಂಘ ಹುಟ್ಟಿತು.

ನ್ಯೂ ಮಿಲ್ಸಿನಿಂದ ಎರಡೂವರೆ ಮೈಲು ದೂರದಲ್ಲಿ ಹೇಫೀಲ್ಡ್ ಎಂಬ ಹಳ್ಳಿಯಿದೆ. ಅದರ ಹಿಂದೆ ಕಿಂಡರ್ ಸ್ಕೌಟ್ ಎಂಬ ಗುಡ್ಡ, ಎರಡು ಸಾವಿರ ಅಡಿಗೂ ಸ್ವಲ್ಪ ಹೆಚ್ಚು ಎತ್ತರ. ವಾರವೆಲ್ಲ ಹೊಗೆ, ಹತ್ತಿಯ ಧೂಳು ಕುಡಿದ ಜನರಿಗೆ ಭಾನುವಾರ ಅಲ್ಲಿಯ ಗಾಳಿ ಬೇಕಾಗಿತ್ತು. ಆದರೆ ಗುಡ್ಡವನ್ನು ಅದರ ಒಡೆಯರು ಕಾಡುಕೋಳಿಯ ಬೇಟೆಗೆ ಕಾದಿರಿಸಿದ್ದರು. ವರ್ಷದಲ್ಲಿ ಕೆಲವೇ ದಿನ ನಡೆಯುವ ಬೇಟೆಗಾಗಿ ವರ್ಷವೆಲ್ಲ ಕಾವಲು! 1876ರಲ್ಲಿ ಹೇಫೀಲ್ಡ್ ಮತ್ತು ಕಿಂಡರ್ ಸ್ಕೌಟಿನ ಪ್ರಾಚೀನ ಕಾಲುದಾರಿಗಳ ಸಂಘವೊಂದು ಹುಟ್ಟಿತು. 1894ರಲ್ಲಿ ಅದಕ್ಕಿಂತ ದೊಡ್ಡದಾದ ಮತ್ತೊಂದು ಸಂಘ ಏರ್ಪಟ್ಟಿತು. ಜಮೀನುದಾರರ ಜೊತೆ ಮಾತುಕತೆ ನಡೆಸಿ ಈ ಎರಡನೆಯ ಸಂಘ 1897ರಲ್ಲಿ ಹೇಫೀಲ್ಡಿನಿಂದ ಗುಡ್ಡದ ಪಕ್ಕದಲ್ಲಿ ಹಾಯುವ ಸ್ನೇಕ್ ಪಾಥ್ ಎಂಬ ದಾರಿಯನ್ನು ಜನರಿಗೆ ತೆರೆಯಿಸಿತು. ಆ ಸಂಘ ಈಗಲೂ ಇದೆ. ಹಸುರು ಹಲಗೆಯ ಮೇಲೆ ಬಿಳಿಯ ಅಕ್ಷರಗಳಿರುವ ಅದರ ಕೈಕಂಬಗಳು ಆ ಸೀಮೆಯಲ್ಲಿ ನೂರಾರು. ಪ್ರತಿ ಕಂಬಕ್ಕೂ ಒಂದು ನಂಬರು ಉಂಟು.

ಸ್ವಯಂಸೇವಕರ ನಿತ್ಯದ ಕೆಲಸ ಎಂಥದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮಗೆ ಬಹಳ ಹಿಡಿಸಿದ್ದು ಇದೇ. ಸಂಘವು ಸೀಮೆಯನ್ನು ಹಂಚಿ ಒಂದೊಂದು ಭಾಗಕ್ಕೆ ಒಬ್ಬ ತನಿಖೆಯವನನ್ನು ನೇಮಿಸುತ್ತದೆ. ಅವನಿಗೆ ಸಂಬಳವಿಲ್ಲ. ನಕಾಶೆ ಹಿಡಿದು ತನ್ನ ಭಾಗದ ದಾರಿಗಳನ್ನು ನಡೆಯುವುದು, ಎಲ್ಲಿ ಬೇಲಿ ಅಡ್ಡ ಬಂದಿದೆ, ಎಲ್ಲಿ ಮೆಟ್ಟಿಲು ಮುರಿದಿದೆ, ಎಲ್ಲಿ ಹೊಲ ಉಳುವಾಗ ದಾರಿ ಅಳಿಸಿದೆ ಎಂಬುದನ್ನು ಬರೆದುಕೊಳ್ಳುವುದು, ಕೌನ್ಸಿಲಿಗೆ ಕಾಗದ ಹಾಕುವುದು, ಉತ್ತರ ಬಾರದಿದ್ದರೆ ಮತ್ತೆ ಕಾಗದ ಹಾಕುವುದು ಅವನ ಕೆಲಸ. ಗಿರಣಿಯ ಟೈಮ್ ಆಫೀಸಿನಲ್ಲಿ ಮಸ್ಟರ್ ಬರೆಯುವ ನಮ್ಮಂಥವರಿಗೆ ಇದು ಪರಿಚಯದ ಕೆಲಸವೇ. ಇಲ್ಲಿ ಹಾಜರಿ ಹಾಕಬೇಕಾದದ್ದು ಆಳಿಗಲ್ಲ, ದಾರಿಗೆ. ಬಹಳ ದಿನ ಗೈರುಹಾಜರಾದ ದಾರಿಯ ಹೆಸರನ್ನು ಮತ್ತೆ ಪುಸ್ತಕಕ್ಕೆ ಏರಿಸುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ.

ಇನ್ನು ಕಾನೂನು. 1932ರ ಕಾಯಿದೆಯೊಂದು, ಜನರು ಒಂದು ದಾರಿಯಲ್ಲಿ 20 ವರ್ಷ ಅಡೆತಡೆಯಿಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ, ಬಹಿರಂಗವಾಗಿ ನಡೆದಿದ್ದರೆ ಅದು ಸಾರ್ವಜನಿಕ ದಾರಿಯೆಂದು ಭಾವಿಸಬೇಕೆಂದು ಹೇಳಿತು. ನೆಲದ ಒಡೆಯನು ತನಗೆ ಆ ಉದ್ದೇಶವಿರಲಿಲ್ಲವೆಂದು ತೋರಿಸಿಕೊಟ್ಟರೆ ಮಾತು ಬೇರೆ. 1949ರ ಕಾಯಿದೆಯಂತೆ ಇಂಥ ದಾರಿಗಳನ್ನೆಲ್ಲ ಒಂದು ಅಧಿಕೃತ ನಕಾಶೆಯಲ್ಲಿ ಗುರುತಿಸುವುದು ಕೌನ್ಸಿಲುಗಳ ಕರ್ತವ್ಯವಾಯಿತು. ನಕಾಶೆಯಲ್ಲಿ ಒಮ್ಮೆ ಬಂದ ದಾರಿಯನ್ನು ಇಲ್ಲವೆನ್ನುವುದು ಸುಲಭವಲ್ಲ. ನಕಾಶೆಗೆ ಬಾರದ ದಾರಿಗೆ ಸಾಕ್ಷಿ ಬೇಕು: ಹಳೆಯ ನಕಾಶೆಗಳು, ಮತ್ತು ನಾನು ಇಂಥ ವರ್ಷದಿಂದ ಇಂಥ ವರ್ಷದವರೆಗೆ ಈ ದಾರಿಯಲ್ಲಿ ನಡೆದಿದ್ದೇನೆ ಎಂದು ರುಜು ಹಾಕಿಕೊಡುವ ಮುದುಕರು. ಅಂಥ ಮುದುಕರು ತೀರಿಹೋಗುವ ಮೊದಲು ಅವರ ಮಾತನ್ನು ಬರೆದುಕೊಳ್ಳುವುದು ಸ್ವಯಂಸೇವಕರ ಅವಸರದ ಕೆಲಸ.

ಕಾಗದ ಬರೆಯುವವರ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. 1932ರ ಏಪ್ರಿಲ್ 24ನೆಯ ತಾರೀಖು ಭಾನುವಾರ ಸುಮಾರು 400 ಜನ ತರುಣ ಕೆಲಸಗಾರರು ಹೇಫೀಲ್ಡಿನಿಂದ ಹೊರಟು ನಿಷೇಧವನ್ನು ಮೀರಿ ಕಿಂಡರ್ ಗುಡ್ಡವನ್ನು ಏರಿದರು. ಮುಂದಾಳು ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತು ವರ್ಷದ ಮೆಕ್ಯಾನಿಕ್. ರೈಲು ಸ್ಟೇಷನ್ನಿನಲ್ಲಿ ಪೋಲೀಸರು ಕಾದಿದ್ದರು. ಆತ ಸೈಕಲ್ ತುಳಿದುಕೊಂಡು ಬಂದ. ಮೇಲೆ ಕಾವಲುಗಾರರೊಡನೆ ತಳ್ಳಾಟವಾಯಿತು. ಇಳಿದು ಬಂದವರಲ್ಲಿ ಕೆಲವರನ್ನು ಹಿಡಿದು ನ್ಯೂ ಮಿಲ್ಸಿನ ಪೋಲೀಸ್ ಠಾಣೆಗೆ ತಂದರು. ಪರರ ನೆಲದಲ್ಲಿ ಕಾಲಿಟ್ಟದ್ದು ಅಲ್ಲಿ ಶಿಕ್ಷೆಗೆ ತಕ್ಕ ಅಪರಾಧವಲ್ಲವಾದ್ದರಿಂದ ದೊಂಬಿಯ ಆರೋಪ ಹೊರಿಸಿದರು. ಐವರಿಗೆ ಎರಡು ತಿಂಗಳಿನಿಂದ ಆರು ತಿಂಗಳವರೆಗೆ ಸಜೆಯಾಯಿತು. ರಾಥ್‌ಮನ್‌ಗೆ ನಾಲ್ಕು ತಿಂಗಳು. ಹಳೆಯ ನಡಿಗೆ ಸಂಘಗಳವರಿಗೆ ಈ ರೀತಿ ಒಪ್ಪಿಗೆಯಾಗಿರಲಿಲ್ಲ. ತಮ್ಮ ಮಾತುಕತೆ ಕೆಡುತ್ತದೆಂದು ಅವರ ಅಂಜಿಕೆ. ಆದರೆ ಸಜೆಯ ಸುದ್ದಿ ಊರೂರಿಗೆ ಹರಡಿ ಜನಾಭಿಪ್ರಾಯ ಬಲಿಯಿತು. 1951ರಲ್ಲಿ ಈ ಬೆಟ್ಟದ ಸೀಮೆ ಬ್ರಿಟನ್ನಿನ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾಯಿದೆಯಿಂದ ಇಂಥ ಬಯಲು ಗುಡ್ಡಗಳಲ್ಲಿ ತಿರುಗಾಡುವ ಹಕ್ಕು ಎಲ್ಲರಿಗೂ ದೊರೆಯಿತು. 2002ರಲ್ಲಿ, ಎಪ್ಪತ್ತು ವರ್ಷಗಳ ಮೇಲೆ, ಡೆವನ್‌ಶೈರಿನ ಡ್ಯೂಕರು ತಮ್ಮ ಅಜ್ಜನ ಕಾಲದಲ್ಲಿ ಆದದ್ದು ತಪ್ಪೆಂದು ಬಹಿರಂಗವಾಗಿ ಹೇಳಿದರು. ಸೆರೆಮನೆಗೆ ಹೋದವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಕಾಗದ ಬರೆದವರ ಹೆಸರನ್ನು ಹೇಳುವವರು ಕಡಿಮೆ. ನಮ್ಮ ಎಣಿಕೆಯಲ್ಲಿ ಇಬ್ಬರಿಗೂ ಸಮನಾದ ಪಾಲು ಸಲ್ಲಬೇಕು.

ಸೈಕಲ್ ದಾರಿಯ ಕಥೆ ಬೇರೆ. ಇಂಗ್ಲೆಂಡಿನಲ್ಲಿ ಕಾಲುದಾರಿಯ ಮೇಲೆ ನಡೆಯುವ ಹಕ್ಕು ಮಾತ್ರ ಉಂಟು, ಸೈಕಲ್ ಹೊಡೆಯುವ ಹಕ್ಕಿಲ್ಲ. ಕುದುರೆ ದಾರಿಗಳಲ್ಲಿ ಸೈಕಲ್ಲಿಗೆ 1968ರಲ್ಲಿ ಅವಕಾಶ ಕೊಟ್ಟರು; ಅಲ್ಲಿಯೂ ನಡೆಯುವವರಿಗೆ, ಕುದುರೆಗೆ ಮೊದಲು ದಾರಿ ಬಿಡಬೇಕು. ನ್ಯೂ ಮಿಲ್ಸಿನಿಂದ ಹೇಫೀಲ್ಡಿಗೆ 1868ರಿಂದ ಒಂದು ರೈಲು ದಾರಿಯಿತ್ತು. ಭಾನುವಾರದ ತಿರುಗಾಟದವರು ಸಾವಿರಾರು ಜನ ಅದರಲ್ಲಿ ಬರುತ್ತಿದ್ದರು. 1970ರಲ್ಲಿ ರೈಲು ನಿಂತಿತು. ಹಳಿ ಕಿತ್ತ ನೆಲವನ್ನು ಡರ್ಬಿಷೈರ್ ಕೌನ್ಸಿಲು ಕೊಂಡು ನಡೆಯುವವರಿಗೂ ಸೈಕಲ್ಲಿನವರಿಗೂ ಕುದುರೆ ಸವಾರರಿಗೂ ಬಿಟ್ಟಿತು. ಇದೇ ಸೆಟ್ ಕಣಿವೆಯ ದಾರಿ. ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಅದರ ದಾರಿಯಲ್ಲಿ ಏರಿಳಿತ ಕಡಿಮೆ, ಮುದುಕರೂ ಮಕ್ಕಳೂ ಸೈಕಲ್ ಹೊಡೆಯಬಹುದು. ಹೇಫೀಲ್ಡ್ ಸ್ಟೇಷನ್ ಇದ್ದ ಜಾಗದಲ್ಲಿ ಈಗ ಮೋಟಾರು ನಿಲ್ಲಿಸುತ್ತಾರೆ.

ಸಮೀಪದ ಪೀಕ್ ಫಾರೆಸ್ಟ್ ಕಾಲುವೆಯ ದಂಡೆಯೂ ಒಳ್ಳೆಯ ನಡಿಗೆಯ ದಾರಿ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆ ಅದು. ಈ ಕಾಲುವೆಯ ಕೆಳಭಾಗವೂ ಮ್ಯಾಂಚೆಸ್ಟರಿಗೆ ಹೋಗುವ ಆಷ್ಟನ್ ಕಾಲುವೆಯೂ ಹೂಳು ತುಂಬಿ, ಹಳೆಯ ಕಬ್ಬಿಣ, ಹಾಸಿಗೆ ಎಸೆಯುವ ತಿಪ್ಪೆಯಾಗಿದ್ದವು. 1968ರಲ್ಲಿಯೂ 1972ರಲ್ಲಿಯೂ ನೂರಾರು ಸ್ವಯಂಸೇವಕರು ಇಳಿದು ಆ ಕೆಸರನ್ನು ಎತ್ತಿದರು. 1974ರಲ್ಲಿ ದೋಣಿಗಳು ಮತ್ತೆ ಹಾಯ್ದವು.

ಟಾರ್ಸ್ ಕಮರಿಯಲ್ಲಿ ಮಾತ್ರ ಒಂದು ಕಡೆ ದಾರಿ ತುಂಡಾಗಿಯೇ ಉಳಿದಿತ್ತು. ಒಂದು ಪಕ್ಕದಲ್ಲಿ ರೈಲಿನ ಎತ್ತರದ ಗೋಡೆ, ಕೆಳಗೆ ಗಾಯ್ಟ್ ಹೊಳೆ, ಕಾಲಿಡಲು ಜಾಗವಿಲ್ಲ. 2000ದಲ್ಲಿ ಉಕ್ಕಿನ ನಡೆದಾರಿಯೊಂದನ್ನು ಅಲ್ಲಿ ತೆರೆದರು. ಅದರ ಅರ್ಧ ಹೊಳೆಯ ತಳದಿಂದ ಎದ್ದ ಕಂಬಗಳ ಮೇಲೆ ನಿಂತಿದೆ. ಉಳಿದದ್ದು ಗೋಡೆಗೆ ಬಿಗಿದು ನೀರಿನ ಮೇಲೆ ಚಾಚಿದೆ. ಅದರ ಎದುರಿಗೆ ಕಾಣುವುದು ಟಾರ್ ವೇಲ್ ಗಿರಣಿ. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಹತ್ತಿಯ ಕೆಲಸ ನಡೆದ ಆ ಗಿರಣಿ ನಿಂತದ್ದೂ 2000ದಲ್ಲಿಯೇ. ಅಲ್ಲಿಂದ ಸ್ವಲ್ಪ ದೂರದಲ್ಲಿ ಸುಟ್ಟುಹೋದ ಇನ್ನೊಂದು ಗಿರಣಿಯ ಜಾಗವಿದೆ. ಅಲ್ಲಿ 2008ರಲ್ಲಿ ಊರಿನವರು ಷೇರು ಕೂಡಿಸಿ ಒಂದು ಸಣ್ಣ ವಿದ್ಯುತ್ ಯಂತ್ರ ಹಾಕಿದರು. ದೊಡ್ಡ ತಿರುಪಿನ ಆಕಾರದ ಆ ಯಂತ್ರ ಹೊಳೆಯ ನೀರು ಬಿದ್ದಂತೆಲ್ಲ ತಿರುಗುತ್ತದೆ. ಮೇಲಿನ ಊರಿನಲ್ಲಿ ಗಿರಣಿಗಳ ಇತಿಹಾಸ ತೋರಿಸುವ ಸಣ್ಣ ವಸ್ತುಸಂಗ್ರಹವೊಂದಿದೆ. ಅದನ್ನು ನಡೆಸುವವರೂ ಸ್ವಯಂಸೇವಕರೇ.

ಇವೆಲ್ಲ ಮುಂಬಯಿಯಲ್ಲಿ ಕುಳಿತ ನಮಗೆ ಏಕೆ ಎಂದು ಕೆಲವರು ಕೇಳಬಹುದು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ತರುವಾಯ ಪರೇಲ್, ಲಾಲ್‌ಬಾಗ್‌ಗಳ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯ ನೆಲದ ವ್ಯಾಜ್ಯ ಬೇಕಾದಷ್ಟು ನಡೆಯಿತು. ಪಾಳಿಗೆ ಹೋಗುತ್ತಿದ್ದ ದಾರಿಗಳ ಮಾತು ಯಾರ ಬಾಯಲ್ಲಿಯೂ ಬರಲಿಲ್ಲ. ಆದರೆ ನಮ್ಮ ವಾಚಕರಲ್ಲಿ ಬಹಳ ಜನರಿಗೆ ಊರಿನಲ್ಲಿ ತುಂಡು ಹೊಲವಾದರೂ ಇದೆ. ಅದಕ್ಕೆ ಹೋಗುವ ಬಂಡಿದಾರಿಯನ್ನು ಪಕ್ಕದವರು ಉತ್ತು ಸೇರಿಸಿಕೊಂಡರೆಂಬ ಕಾಗದ ಊರಿನಿಂದ ಬರುವುದು ಹೊಸತಲ್ಲ. ನಮ್ಮಲ್ಲಿಯೂ ಗ್ರಾಮದ ಸರ್ವೆ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಯ ಗೆರೆಗಳಿಂದ ತೋರಿಸಿರುತ್ತಾರೆ. ‘ನಕಾಶೆ ಕಂಡ ದಾರಿ’ ಎಂದು ಊರಿನವರು ಹೇಳುವುದು ಅದನ್ನೇ. ನಕಾಶೆಯಲ್ಲಿ ಇಲ್ಲದ ದಾರಿಗೆ 1882ರ ಈಸ್‌ಮೆಂಟ್ ಕಾಯಿದೆ ಇದೆ. ಖಾಸಗಿ ನೆಲದ ಮೇಲೆ 20 ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಹಕ್ಕಿನಿಂದ ನಡೆದದ್ದನ್ನು ತೋರಿಸಿಕೊಟ್ಟರೆ ಕೋರ್ಟು ಅದನ್ನು ಗಮನಿಸುತ್ತದೆ. ಸರಕಾರಿ ನೆಲಕ್ಕೆ 30 ವರ್ಷ. ದಾವೆ ಹೂಡುವ ಮುಂಚಿನ ಎರಡು ವರ್ಷಗಳ ಒಳಗಿನವರೆಗೂ ಆ ದಾರಿಯಲ್ಲಿ ನಡೆದಿರಬೇಕೆಂಬ ನಿಯಮವೂ ಉಂಟು. ಮುಂಬಯಿಯಲ್ಲಿ ಇದ್ದುಬಿಟ್ಟವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಕರ್ನಾಟಕದ ಗ್ರಾಮ ನಕಾಶೆಗಳು ಭೂಮಾಪನ ಇಲಾಖೆಯಿಂದ ದೊರೆಯುತ್ತವೆ. ದೀಪಾವಳಿಗೆ ಊರಿಗೆ ಹೋಗುವವರು ಒಂದು ಪ್ರತಿ ತಂದರೆ ಅದನ್ನು ಓದುವ ಕ್ರಮವನ್ನು ವಾಚನಾಲಯದಲ್ಲಿ ಕೂಡಿ ನೋಡಬಹುದು.