ಗಜನಿ ಒಡ್ಡಿನ ರಕ್ಷಣೆಗೆ ಕಾಂಡ್ಲಾ: ಬೆಳೆಸುವ ಮತ್ತು ಸವರುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆಯು ಕಡಲನ್ನು ಸೇರುವ ಅಳಿವೆಯ ಇಕ್ಕೆಲಗಳಲ್ಲಿ ಗಜನಿಯೆಂಬ ತಗ್ಗು ಭೂಮಿಯುಂಟು. ಭರತದ ನೀರಿಗಿಂತ ತಗ್ಗಿನಲ್ಲಿರುವ ಈ ನೆಲದಲ್ಲಿ ಒಡ್ಡು ಮತ್ತು ಹಲಗೆಬಾಗಿಲುಗಳ ಆಶ್ರಯವಿಲ್ಲದೆ ಬೇಸಾಯ ಸಾಧ್ಯವಿಲ್ಲ. ಮುಂಗಾರು ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಒಕ್ಕಲುಗಳು ಕಗ್ಗವೆಂಬ ಭತ್ತವನ್ನು ಬಿತ್ತುವರು. ಕಗ್ಗವು ಉಪ್ಪನ್ನೂ ನೆರೆಯನ್ನೂ ಸ್ವಲ್ಪಮಟ್ಟಿಗೆ ತಾಳತಕ್ಕ ತಳಿಯೆಂಬದು ನಿಜ. ಆದರೆ ಒಡ್ಡು ಒಡೆದು ಕಡಲನೀರು ದಿನಕ್ಕೆರಡಾವರ್ತಿ ಗದ್ದೆಯನ್ನು ಹೊಕ್ಕು ಹೊರಡಲಾರಂಭಿಸಿದರೆ ಕಗ್ಗವೂ ನಿಲ್ಲಲಾರದು.

ಒಡ್ಡಿನ ದುರಸ್ತಿಗೆ ವರ್ಷವರ್ಷವೂ ಹಣ ವೆಚ್ಚಮಾಡುವ ಊರಿನ ಮುಖ್ಯಸ್ಥರು ಒಂದಾವರ್ತಿ ಇಳಿತದ ಹೊತ್ತಿನಲ್ಲಿ ದೋಣಿಯಲ್ಲಿ ಕುಳಿತು ಒಡ್ಡಿನ ಹೊರಮೈಯನ್ನು ನೋಡುವದು ಒಳ್ಳೆಯದು. ಕಾಂಡ್ಲಾ ಗಿಡಗಳು ದಟ್ಟವಾಗಿ ನಿಂತ ಕಡೆ ತೆರೆಗಳ ಬಲವು ಬೇರುಗಳ ನಡುವೆಯೇ ಮುರಿದು, ನೀರಿನಲ್ಲಿದ್ದ ಕೆಸರು ಅಲ್ಲಿಯೇ ತಂಗುವದು. ಸೌದೆಗಾಗಿಯೋ ಬೇಲಿಗೂಟಕ್ಕಾಗಿಯೋ ಗಿಡಗಳನ್ನು ಕಡಿದುಹಾಕಿದ ಕಡೆ ಪ್ರತಿ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತವೂ ಒಡ್ಡಿನ ಬುಡವನ್ನೇ ಕೊರೆಯುವದು.

“ಕಡಿದರೇನು, ಮತ್ತೆ ಚಿಗುರೀತು” ಎಂಬದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ಮಾತು ಒಂದು ಜಾತಿಗೆ ಸಲ್ಲುವದು, ಇನ್ನೊಂದಕ್ಕೆ ಸಲ್ಲದು; ನಷ್ಟವೆಲ್ಲ ಈ ಭೇದವನ್ನರಿಯದಿರುವದರಿಂದಲೇ ಉಂಟಾಗಿದೆ. ಕಾಂಡದಿಂದ ಕಮಾನಿನಂಥ ಬೇರುಗಳನ್ನು ಸುತ್ತಲೂ ಊರಿ ನಿಲ್ಲುವ ಕಾಂಡ್ಲಾಕ್ಕೆ ಸಸ್ಯಶಾಸ್ತ್ರದಲ್ಲಿ ರೈಜೋಫೊರಾ ಎಂದು ಹೆಸರು. ಇದರ ಬಲಿತ ಕೊಂಬೆಗಳಲ್ಲಿ ಜೀವವುಳ್ಳ ಮೊಗ್ಗುಗಳು ಉಳಿದಿರುವದಿಲ್ಲ. ಎಲೆಯಿರುವ ಭಾಗಕ್ಕಿಂತ ಕೆಳಗೆ ಕತ್ತಿಯಿಟ್ಟರೆ ಆ ಕೊಂಬೆಯು ಸತ್ತಂತೆಯೇ ಸರಿ. ಬುಡಕ್ಕೆ ಕಡಿದರೆ ಗಿಡವೇ ಹೋಯಿತು. ಇದಕ್ಕೆ ಪ್ರತಿಯಾಗಿ, ಕೆಸರಿನಿಂದ ಬೆರಳುಗಳಂತೆ ಮೇಲಕ್ಕೆದ್ದ ಉಸಿರುಬೇರುಗಳುಳ್ಳ ಅವಿಸೀನಿಯಾ ಗಿಡವು ಕಡಿದ ಬಳಿಕವೂ ಚೆನ್ನಾಗಿ ಚಿಗುರುವದು. ಅದರ ಸೊಪ್ಪನ್ನು ದನಗಳು ಮೇಯುವವು. ಆದರೂ ದನಗಳು ಎಡೆಬಿಡದೆ ಮೇಯ್ದರೆ ಅದು ಮರವಾಗದೆ ಕುಳ್ಳಾದ ಪೊದೆಯಾಗಿಯೇ ಉಳಿಯುವದು.

ಅನ್ಯದೇಶಗಳಲ್ಲಿ ಕಡಲಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರು, ನೀರಿನ ಕಲ್ಮಷವನ್ನು ಹೀರಲೆಂದು ಪಕ್ಕದ ಚಿಕ್ಕ ತೊಟ್ಟಿಯಲ್ಲಿ ಅಮೇರಿಕದ ರೈಜೋಫೊರಾ ಸಸಿಗಳನ್ನು ಬೆಳೆಸುವದುಂಟು. ವಿನೋದದ ಈ ಕೃಷಿಯಲ್ಲಿಯೂ ಅವರು ಸಸಿಯನ್ನು ಗಿಡ್ಡಾಗಿಸಲು ತುದಿಯನ್ನು ಮಾತ್ರ ಚಿವುಟಿ, ಕೆಳಗಿನ ಎಲೆಗಳನ್ನು ಉಳಿಸುವರು. ತೊಟ್ಟಿಯಾದರೇನು, ಅಳಿವೆಯಾದರೇನು, ಗಿಡದ ಸ್ವಭಾವವು ಒಂದೇ.

ಸವರುವ ಮುನ್ನ ಕಾನೂನನ್ನು ಗಮನಿಸತಕ್ಕದ್ದು. ೨೦೧೧ ಮತ್ತು ೨೦೧೯ನೆಯ ಇಸವಿಗಳ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಕಾಂಡ್ಲಾ ಬೆಳೆದ ನೆಲವನ್ನು ಅತ್ಯಂತ ಬಿಗಿಯಾದ ರಕ್ಷಣೆಯ ವರ್ಗದಲ್ಲಿರಿಸಿವೆ. ಅಘನಾಶಿನಿ ಅಳಿವೆಯು ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಆದಕಾರಣ ಜಮೀನು ಸ್ವಂತದ್ದಾದರೂ ಅರಣ್ಯ ಇಲಾಖೆಯವರ ಲಿಖಿತ ಅನುಮತಿಯನ್ನು ಪಡೆಯದೆ ಕತ್ತಿಯನ್ನೆತ್ತಲಾಗದು. ಬಾಗಿಲಿನ ನೀರುದಾರಿಗೆ ಅಡ್ಡವಾದ ಕೊಂಬೆಗಳನ್ನು ತೆಗೆಯಲು ಅನುಮತಿ ದೊರೆತಲ್ಲಿ, ರೈಜೋಫೊರಾದ ಎಳೆಯ ರೆಂಬೆಯ ತುದಿಯನ್ನಷ್ಟೇ ತೆಗೆದು, ಪ್ರತಿ ರೆಂಬೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಎಲೆಗಳನ್ನು ಬಿಡಬೇಕು. ಕಮಾನುಬೇರುಗಳನ್ನು ಮುಟ್ಟಲೇಬಾರದು.

ಹೊಸದಾಗಿ ನೆಡುವದು ಕಷ್ಟದ ಕೆಲಸವಲ್ಲ. ರೈಜೋಫೊರಾದ ಬೀಜವು ತಾಯಿಗಿಡದ ಮೇಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋಲಾಡುವದು. ಮಳೆಗಾಲದಲ್ಲಿ, ಮೆಲ್ಲನೆ ಎಳೆದರೆ ಕೈಗೆ ಬರುವಂಥ ಬಲಿತ ಮೊಳಕೆಗಳನ್ನು ಮಾತ್ರ ಆಯ್ದುಕೊಳ್ಳಬೇಕು. ಹುಳು ಕೊರೆದವನ್ನೂ ತುದಿ ಮುರಿದವನ್ನೂ ಬಿಡತಕ್ಕದ್ದು. ಇಳಿತದ ವೇಳೆ ಚೂಪಾದ ತುದಿಯನ್ನು ಕೆಳಗೆ ಮಾಡಿ, ಮೊಳಕೆಯ ಮೂರನೆಯ ಒಂದು ಪಾಲು ಕೆಸರಿನೊಳಗೆ ಹೋಗುವಂತೆ, ಮೂರಡಿಗೊಂದರಂತೆ ಊರಬೇಕು. ಅವಿಸೀನಿಯಾದ ಬೀಜವಾದರೋ ಬಹುಕಾಲ ಬಾಳುವಂಥದಲ್ಲ. ಸಂಗ್ರಹಿಸಿ ನೀರಿನಲ್ಲಿ ನೆನೆಯಿಟ್ಟು, ಸಿಪ್ಪೆ ಕಳಚಿದೊಡನೆ ಕೆಸರು ತುಂಬಿದ ಚೀಲಗಳಲ್ಲಿ ಊರಿ ಸಸಿಮಾಡುವದು ಮೇಲು.

ನೆಡುವ ಕೆಲಸ ಕೆಡುವದು ಹೆಚ್ಚಾಗಿ ಸ್ಥಳದ ಆಯ್ಕೆಯಲ್ಲಿ. ಬಯಲು ವಿಸ್ತಾರವಾಗಿದೆಯೆಂದು ಹೊಳೆಯ ಕಡೆಗೆ ಬಹಳ ಕೆಳಗಿಳಿದು ನೆಟ್ಟರೆ ಸಸಿಗಳು ಹಗಲೂ ರಾತ್ರಿಯೂ ಮುಳುಗಿದ್ದು ಸಾಯುವವು. ಅವುಗಳ ಮೈಗೆ ಚಿಪ್ಪುಜೀವಿಗಳು ಅಂಟಿ ಭಾರದಿಂದ ಬಾಗುವದೂ ಉಂಟು. ಭರತದಲ್ಲಿ ನೀರೇರಿ, ಇಳಿತದಲ್ಲಿ ಪೂರ್ತಿ ಬಯಲಾಗುವ ಮಟ್ಟವೇ ರೈಜೋಫೊರಾಕ್ಕೆ ಯೋಗ್ಯವಾದದ್ದು. ಸಮೀಪದಲ್ಲಿ ತಾನಾಗಿ ಬೆಳೆದ ಗಿಡಗಳು ಎಷ್ಟು ಎತ್ತರದಲ್ಲಿ ನಿಂತಿವೆಯೆಂದು ನೋಡಿ ಆ ಮಟ್ಟಕ್ಕೇ ಗೂಟ ಹೊಡೆದುಕೊಂಡರೆ ತಪ್ಪುವ ಸಂಭವ ಕಡಿಮೆ. ಏಡಿಗಳ ಕಾಟದಿಂದ ಕೆಲವು ಮೊಳಕೆಗಳು ಹೋಗಿಯೇ ಹೋಗುವವು. ಅವುಗಳ ಬದಲಿಗೆ ಮರುನೆಡಲು ಸ್ವಲ್ಪ ಹೆಚ್ಚುವರಿ ಮೊಳಕೆಗಳನ್ನು ನೆರಳಿನಲ್ಲಿ ತೇವವಾಗಿಟ್ಟಿರಬೇಕು. ಬಾಗಿಲಿನ ಎದುರಿಗೆ ನೀರು ಹರಿಯುವ ದಾರಿಯಲ್ಲಿ ಒಂದನ್ನೂ ನೆಡಬಾರದು.

ಇನ್ನೊಂದು ಹಾನಿಯು ಒಡ್ಡನ್ನು ಕಾಪಾಡಹೊರಟವರಿಂದಲೇ ಆಗುವದುಂಟು. ದುರಸ್ತಿಯ ವೇಳೆ ಆಳುಗಳು ಕೆಸರನ್ನು ಹೊರಮಗ್ಗುಲಿನ ಉಸಿರುಬೇರುಗಳ ಮೇಲೆಯೇ ರಾಶಿ ಹಾಕುವರು. ಅವಿಸೀನಿಯಾದ ಬೇರುಗಳು ಗಾಳಿಯನ್ನೆಳೆದುಕೊಳ್ಳುವದು ಈ ಬೆರಳುಗಳ ಮೂಲಕವೇ. ಅವು ಮುಚ್ಚಿಹೋದರೆ ಮರವು ಕತ್ತಿ ತಾಗದೆಯೇ ಒಣಗುವದು. ಮಣ್ಣು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬದನ್ನು ಕೆಲಸಕ್ಕೆ ಮುಂಚೆಯೇ ಗುರುತುಹಾಕಿ ಆಳುಗಳಿಗೆ ತೋರಿಸಿಕೊಡತಕ್ಕದ್ದು.